ಸಿರುಗುಪ್ಪದ ಹಸಿರು ಜಡೆ

ಆ ತಲೆ ಕೆಡಲು ಕಾರಣ ನನ್ನ ಬಾಯಿ. ಕೈಯಲ್ಲ, ಬಾಯಿ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸಲೀಸು.

ಬಳ್ಳಾರಿಯಲ್ಲಿ ನಾನು ಕೆಲಸ ಮಾಡುವ ಸಲೂನಿಗೆ ಸಿರುಗುಪ್ಪದ ಗೂಡ್ಸ್ ಆಟೊದ ಅಣ್ಣನೊಬ್ಬ ಬರುತ್ತಾನೆ. ಅಲ್ಲಿನ ಗಿರಣಿಯಿಂದ ಅಕ್ಕಿ ಚೀಲ ತಂದು ಇಲ್ಲಿ ಇಳಿಸಿ, ವಾಪಸು ಹೋಗುವ ಮುಂಚೆ ಗಡ್ಡ ಮಾಡಿಸಿಕೊಳ್ಳುತ್ತಾನೆ. ನನ್ನ ಕುರ್ಚಿಯಲ್ಲಿ ಕೂತವರಿಗೆ ಗಡ್ಡದ ಜೊತೆ ಮಿಮಿಕ್ರಿ ಪುಕ್ಕಟೆ. ಬಸ್ ಕಂಡಕ್ಟರ್, ನಮ್ಮ ಮಾಲೀಕರು, ಈಗಷ್ಟೇ ಎದ್ದು ಹೋದ ಗಿರಾಕಿ, ಯಾರನ್ನೂ ಬಿಡುವುದಿಲ್ಲ. ನನ್ನನ್ನೂ ಬಿಡುವುದಿಲ್ಲ. ಕನ್ನಡಿಯಲ್ಲಿ ನನ್ನ ಮುಖ ಕಂಡಾಗಲೆಲ್ಲ "ಅಯ್ಯ, ಈ ಹುಡುಗಗ ಹೆಣ್ಣು ಯಾರು ಕೊಡ್ತಾರ್ರೀ?" ಎಂದು ನಮ್ಮ ಓಣಿಯ ಮುದುಕಿಯ ದನಿಯಲ್ಲಿ ಮರುಗಿ, ಕತ್ತರಿ ಆಡಿಸುತ್ತೇನೆ.

ಒಂದು ದಿನ ಆಟೊದ ಅಣ್ಣ ಮುಖಕ್ಕೆ ನೊರೆ ಹಚ್ಚಿಕೊಂಡೇ ಕೇಳಿದ: "ನಮ್ಮಕ್ಕನ ಮದುವಿ ಐತಿ. ಕರೇ ಗೋರಂಟಿ ಪುಡಿ ಹಚ್ಚಿಕೊಂತಾಳ, ಆದ್ರೂ ಬುಡದಾಗ ಬೆಳ್ಳಗ ಕಾಣತೈತಿ. ಡಬ್ಬಿಯಾಗ ಬರೋ ಕ್ರೀಂ ಡೈ ತರ್ಲೋ, ಗೋರಂಟೀನ ಸಾಕೋ?"

ನಾನು ಟೀವಿಯಲ್ಲಿ ಆರೋಗ್ಯ ಹೇಳುವ ಡಾಕ್ಟರ ಗಂಟಲು ತಂದುಕೊಂಡೆ. "ಎರಡನ್ನೂ ಹಚ್ಚಿರಿ. ಒಂದರ ಮೇಲೊಂದು. ಡಬಲ್ ಕಪ್ಪು! ಮುಂದೆ ಮೊಮ್ಮಕ್ಕಳಿಗೂ ಬಿಳಿ ಕೂದಲು ಬರುವುದಿಲ್ಲ."

ಅಂಗಡಿಯೆಲ್ಲ ನಕ್ಕಿತು. ಅವನೂ ನಕ್ಕ. ನಕ್ಕವನು ನಂಬುವುದಿಲ್ಲ ಎಂದು ನಾನು ತಿಳಿದಿದ್ದೆ.

ಸೋಮವಾರ ಬೆಳಿಗ್ಗೆ ಫೋನ್ ಬಂತು. "ಲೇ ಡಾಕ್ಟ್ರ, ನಮ್ಮಕ್ಕನ ತಲಿ ಹಸರಾಗೈತಿ."

ತಿರುಗಿ ನನಗೇ ಬತ್ತಿ ಇಡುತ್ತಿದ್ದಾನೆ ಎಂದುಕೊಂಡು ಕಂಡಕ್ಟರ್ ದನಿಯಲ್ಲಿ "ಹಸರು ಬಿತ್ತಂದ್ರ ಗಾಡಿ ಬಿಡ್ರಿ, ರೈಟ್ ರೈಟ್!" ಅಂದೆ. ಆಚೆ ಕಡೆ ಫೋನು ಕೈ ಬದಲಾಯಿಸಿತು. ಆಮೇಲೆ ಒಂದು ಹೆಣ್ಣುದನಿ, ಬಹಳ ಶಾಂತವಾದದ್ದು.

"ನಾನು ಅವನ ಅಕ್ಕ ಮಾತಾಡಾಕತ್ತೀನಿ. ಬರೋ ಶುಕ್ರವಾರ ನನ್ನ ಮದುವಿ. ಎರಡೂ ಹಚ್ಚು ಅಂತ ನೀನ ಹೇಳಿದ್ದು ಹೌದೋ ಅಲ್ಲೋ, ಅಷ್ಟ ಹೇಳು."

ನನ್ನ ಹತ್ತಿರ ಮೂವತ್ತು ದನಿಗಳಿವೆ ಎಂದು ಬೀಗುತ್ತಿದ್ದವನು ನಾನು. ಆ ಹೊತ್ತಿಗೆ ಒಂದೂ ಒದಗಲಿಲ್ಲ. ಉಳಿದದ್ದು ನನ್ನದೇ ದನಿ, ಅದೂ ಒಡೆದದ್ದು. "ಹೌದ್ರಿ ಅಕ್ಕಾರ. ಚ್ಯಾಷ್ಟಿ ಮಾಡಿದ್ದೆ. ತಪ್ಪಾತ್ರಿ. ಈಗ ಬರ್ತೀನಿ."

ಫೋನಿಟ್ಟವನೇ ಅತಿ ಕಪ್ಪು ಶೇಡಿನ ಎರಡು ಡಬ್ಬಿ ಡೈ ಚೀಲಕ್ಕೆ ಹಾಕಿಕೊಂಡೆ. ಹಸಿರಿನ ಮೇಲೆ ಕಪ್ಪು ಬಳಿದರೆ ಮುಗಿಯಿತು, ಗೋಡೆಗೆ ಬಳಿದ ಹಾಗೆ. ಏನಾಯಿತೆಂದು ಮಾಲೀಕರು ಕೇಳಿದರು, ಮದುವೆಯ ದಿನದ ಸಮೇತ ಎಲ್ಲ ಹೇಳಿದೆ. ಬೈಯಲಿಲ್ಲ. ಒಳಗಿನಿಂದ, ಡೈ ಜೊತೆ ಕಲಸುವ ಡೆವಲಪರ್ ಬಾಟಲಿ ಮತ್ತು ಅಮೋನಿಯಾದ ಪುಟ್ಟ ಸೀಸೆ ತಂದು ಕೈಗಿಟ್ಟರು.

"ಮದ್ಲು ಎಳಿ ನೋಡು, ಆಮ್ಯಾಲ ತಲಿ ನೋಡು. ಶುಕ್ರವಾರದ ತನಕ ಅಂಗಡಿ ಕಡಿ ಬರಬ್ಯಾಡ."

ಎಳೆ ನೋಡುವುದನ್ನು, ಅಂದರೆ ಒಂದು ಎಳೆ ಕತ್ತರಿಸಿ ಮದ್ದಿನಲ್ಲಿ ಮುಳುಗಿಸಿ ಪರೀಕ್ಷಿಸುವುದನ್ನು, ಅವರು ಕಲಿಸಿ ವರ್ಷವೇ ಆಗಿತ್ತು. ನಾನು ಒಮ್ಮೆಯೂ ಮಾಡಿರಲಿಲ್ಲ. ಆದರೆ ಅವರು ಕಲಿಸುವ ರೀತಿಯನ್ನು ಮಾತ್ರ ಅನುಕರಿಸಿ ತೋರಿಸಿ ಜನರನ್ನು ನಗಿಸಿದ್ದೆ. ಆ ಬಾಯಿಪಾಠ ಈಗ ಕೆಲಸಕ್ಕೆ ಬಂತು.

ಸಿರುಗುಪ್ಪದ ಬಸ್ಸಿನಲ್ಲಿ ಉದ್ದಕ್ಕೂ ಗದ್ದೆಯ ಹಸಿರು. ಅದನ್ನು ನೋಡಲೂ ಆಗದೆ ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತ ಕೂತೆ.

ಅಕ್ಕ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ವಯಸ್ಸು ನಲವತ್ತೆರಡು. ತಲೆಯ ಮೇಲಿನ ಸೆರಗನ್ನು ಒಂದೇ ಸಲಕ್ಕೆ ಸರಿಸಿದಳು. ಬುಡದಲ್ಲಿ ಕಿತ್ತಳೆ, ನಡುವೆ ಮಾಸಿದ ಕಂದು, ಕಿವಿಯಿಂದ ಸೊಂಟದವರೆಗೆ ಹೊಳೆಯ ಪಾಚಿಯ ಹಸಿರು. ಕೂದಲೋ, ಕೈತುಂಬ ಹಿಡಿದರೂ ಉಳಿಯುವಷ್ಟು.

"ನಗು ಬಂದ್ರ ನಕ್ಕುಬಿಡು," ಅಂದಳು. "ಬೆಳಗ್ಗಿಂದ ನನ್ನ ತಮ್ಮ ಅಳಾಕತ್ತಾನ. ಯಾರಾರ ಒಬ್ರು ನಗಬೇಕು."

ಆಟೊದ ಅಣ್ಣ ಬಾಗಿಲಿಗೆ ಒರಗಿ ನಿಂತಿದ್ದ. ಗಡ್ಡ ಬೆಳೆದಿತ್ತು. ಅವರ ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವನ ಏನು ಡಾಕ್ಟ್ರು? ಮೀಸಿ ಸೈತ ಬಂದಿಲ್ಲ," ಅಂದಳು. ನಾನು ಚೀಲ ಕೆಳಗಿಟ್ಟು ಅಕ್ಕನ ಕೂದಲಿನ ತುದಿ ಎತ್ತಿ ನೋಡಿದೆ.

ಆದದ್ದನ್ನು ಅಕ್ಕನೇ ಹೇಳಿದಳು. ಭಾನುವಾರ ತಮ್ಮ ಡಬ್ಬಿಯ ಎರಡು ಟ್ಯೂಬು ಕಲಸಿ ಹಚ್ಚಿದ. ಐದು ನಿಮಿಷಕ್ಕೆ ತಲೆ ಚಹಾದ ಲೋಟದಷ್ಟು ಬಿಸಿಯಾಯಿತು. "ಪೇಶೆಂಟ್ ಆಗಿದ್ರ ಏನು ಮಾಡ್ತಿದ್ದೆ ಅಂತ ಯೋಚನೆ ಮಾಡ್ದೆ. ನಲ್ಲಿ ಕೆಳಗ ತಲಿ ಕೊಟ್ಟೆ." ಆಸ್ಪತ್ರೆಯ ಡಾಕ್ಟರಿಗೂ ತೋರಿಸಿಕೊಂಡು ಬಂದಿದ್ದಳು. ಚರ್ಮಕ್ಕೆ ಏನೂ ಆಗಿರಲಿಲ್ಲ. ಆ ಹೊತ್ತಿನ ಅವಳ ಬುದ್ಧಿಗೆ ನಾನು ಇವತ್ತಿಗೂ ಕೈಮುಗಿಯುತ್ತೇನೆ. ಇನ್ನೂ ಇಪ್ಪತ್ತು ನಿಮಿಷ ಬಿಟ್ಟಿದ್ದರೆ ನನ್ನ ತಮಾಷೆಗೆ ಅವಳ ನೆತ್ತಿ ಬೆಲೆ ತೆರುತ್ತಿತ್ತು.

ಮೂರು ವರ್ಷದಿಂದ ಹಚ್ಚುತ್ತಿದ್ದ ಗೋರಂಟಿ ಪುಡಿಯ ಪೊಟ್ಟಣ ತರಿಸಿದೆ. ಒಳಗೇನಿದೆ ಎಂದು ಬರೆದೇ ಇರಲಿಲ್ಲ. ಬರಿಯ ಗೋರಂಟಿ, ಅಂದರೆ ಮದರಂಗಿ ಸೊಪ್ಪು, ಕೂದಲನ್ನು ಕೆಂಪು ಮಾಡುತ್ತದೆಯೇ ಹೊರತು ಕಪ್ಪು ಮಾಡಲಾರದು. ಕಪ್ಪಾಗಲಿ ಎಂದು ಕೆಲವು ಪುಡಿಗಳಿಗೆ ಲೋಹದ ಉಪ್ಪು ಬೆರೆಸುತ್ತಾರೆ. ಅದು ಕೂದಲಿಗೆ ಪದರ ಪದರವಾಗಿ ಅಂಟಿ ಕೂರುತ್ತದೆ.

ಡಬ್ಬಿಯ ಡೈ ಕೆಲಸ ಮಾಡುವ ಬಗೆಯೇ ಬೇರೆ. ಅವ್ವನಿಗೆ ಅದನ್ನು ಹೀಗೆ ಬಿಡಿಸಿ ಹೇಳಿದೆ: "ಕೂದ್ಲಾ ಅಂದ್ರ ಒಂದು ಮನಿ ಅನ್ಕೊಳ್ರಿ, ಅವ್ವಾರ. ಒಂದು ಟ್ಯೂಬಿನಾಗ ಅಮೋನಿಯಾ ಇರತೈತಿ, ಅದು ಬಾಗಿಲ ತೆಗಿತೈತಿ. ಅದರಾಗ ಬಣ್ಣ ಇಲ್ಲದ ಸಣ್ಣ ಸಣ್ಣ ಕಣ ಇರ್ತಾವ, ಅವು ಬೀಗರು ಇದ್ದಂಗ, ಒಳಗ ನುಗ್ತಾವ. ಇನ್ನೊಂದು ಟ್ಯೂಬು ಡೆವಲಪರ್. ಅದು ಮನಿಯಾಗಿದ್ದ ಹಳೇ ಬಣ್ಣ ತೊಳದು, ಬೀಗರಿಗೆ ಊಟಕ್ಕ ಹಾಕತೈತಿ. ಉಂಡು ಉಂಡು ಒಬ್ಬರಿಗೊಬ್ರು ಕೂಡಿ ಎಷ್ಟು ದಪ್ಪ ಆಗ್ತಾರಂದ್ರ, ಬಂದ ಬಾಗಿಲದಾಗ ಹೊರಗ ಹೋಗಾಕ ಆಗಂಗಿಲ್ಲ. ಅಲ್ಲೇ ಉಳಿತಾರ. ಅದ ಕರೇ ಬಣ್ಣ."

"ನಮ್ಮ ಬೀಗರ ಸುದ್ದಿ ನಿನಗ ಯಾರು ಹೇಳಿದ್ರು?" ಅಂದಳು ಅವ್ವ. ಆ ಮನೆಯಲ್ಲಿ ಆವತ್ತಿನ ಮೊದಲ ನಗು ಅದು.

ಆದರೆ ಮನೆಯೊಳಗೆ ಮೊದಲೇ ಲೋಹ ಕೂತಿದ್ದರೆ ಡೆವಲಪರಿಗೂ ಅದಕ್ಕೂ ಜಗಳ. ಶಾಖ ಏಳುತ್ತದೆ, ಬಣ್ಣ ಕೆಡುತ್ತದೆ, ಕೂದಲು ತುಂಡಾಗುತ್ತದೆ. ಇದು ನನ್ನ ಊಹೆ ಅಷ್ಟೆ. ಆಟೊದ ಅಣ್ಣನಿಗೆ ಊಹೆ ಬೇಕಿರಲಿಲ್ಲ. "ಚೀಲದಾಗ ಡಬ್ಬಿ ಅದಾವಲ್ಲ, ಹಚ್ಚಿಬಿಡಲೇ. ಒಮ್ಮೆ ಕರ್ರಗಾದ್ರ ಸಾಕು." ನನ್ನ ಮನಸ್ಸೂ ಅದನ್ನೇ ಹೇಳುತ್ತಿತ್ತು. ಹಚ್ಚಿ, ಸಂಜೆ ಬಸ್ಸಿಗೆ ಬಳ್ಳಾರಿ ಸೇರಿಬಿಡಬಹುದಿತ್ತು.

ಮಾಲೀಕರ ಮಾತು ನೆನೆದು ಒಂದು ಗಾಜಿನ ಲೋಟ ಕೇಳಿದೆ. ಡೆವಲಪರ್ ಸುರಿದು, ಅಮೋನಿಯಾದ ಕೆಲವು ಹನಿ ಬಿಟ್ಟು, ಹಿಂದಲೆಯ ಒಳಗಿನಿಂದ ಕತ್ತರಿಸಿದ ಒಂದು ಸಣ್ಣ ಎಳೆಯನ್ನು ಮುಳುಗಿಸಿ, ಕಿಟಕಿಯ ಪಕ್ಕ ಇಟ್ಟೆ. ಎಲ್ಲರೂ ಸುತ್ತ ಕೂತೆವು. ಸ್ವಲ್ಪ ಹೊತ್ತಿಗೆ ಗುಳ್ಳೆಗಳು ಏಳತೊಡಗಿದವು. ಆಮೇಲೆ ಕೆಟ್ಟ ವಾಸನೆ. ಅಕ್ಕ ಲೋಟದ ಹೊರಗೆ ಬೆರಳಿಟ್ಟು ನೋಡಿ, ಸರಕ್ಕನೆ ತೆಗೆದಳು. ಬೆಚ್ಚಗಿದ್ದದ್ದು ಬಿಸಿಯಾಗಿತ್ತು.

"ಇದನ್ನ ನನ್ನ ತಲಿಗೆ ಹಚ್ಚಾಂವ ಇದ್ದಿ?"

"ಹೂಂ ರೀ. ಎರಡು ಡಬ್ಬಿ ತಂದೀನಿ."

ನನ್ನನ್ನು ಹೊರಗೆ ಅಟ್ಟುತ್ತಾಳೆ ಅಂದುಕೊಂಡೆ. ಅವಳು, "ಎರಡು ಸಲ ಕೇಳ್ದೆ, ಎರಡು ಸಲಾನೂ ಖರೇ ಹೇಳಿದಿ. ಕುಂದರು. ಈಗ ಮುಂದೇನು ಅದನ್ನ ಹೇಳು," ಅಂದಳು. ಆ 'ಕುಂದರು' ನನಗೆ ಸಿಕ್ಕ ದೊಡ್ಡ ಬಹುಮಾನ. ಅದಕ್ಕಿಂತ ದೊಡ್ಡದು ಇನ್ನೂ ಸಿಕ್ಕಿಲ್ಲ.

ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸುವುದು ಒಂದು ದಾರಿ ಅಂದೆ. ಅವಳು ಬೇಡವೆಂದು ತಲೆಯಾಡಿಸಿದಳು.

"ನನ್ನ ಮದುವಿ ಆಗೋರು ನನ್ನ ಬಿಳಿ ಕೂದ್ಲಾ ನೋಡ್ಯಾರ. ಅವರಿಗೆ ಏನೂ ಬೇಕಾಗಿಲ್ಲ, ಅವರ ತಲ್ಯಾಗ ಕೂದ್ಲಾನ ಇಲ್ಲ. ಇದು ನನಗ. ಇಪ್ಪತ್ತು ವರ್ಷ ಡ್ಯೂಟಿಗೆ ಗಂಟು ಬಿಗದುಕೊಂಡು ಹೋಗೀನಿ. ಒಂದಿನ ಜಡಿ ಬಿಡಬೇಕು ಅಂತ ಐತಿ. ಒಂದ ದಿನ."

ಹಾಗಾಗಿ ಉಳಿದದ್ದು ಸೊಪ್ಪಿನ ದಾರಿ. ಡೆವಲಪರ್ ಇಲ್ಲ, ಅಮೋನಿಯಾ ಇಲ್ಲ. ಮೊದಲು ಶುದ್ಧ ಗೋರಂಟಿ, ಅದರ ಕೆಂಪು ಹಸಿರನ್ನು ನುಂಗಬೇಕು. ಅದರ ಮೇಲೆ ಶುದ್ಧ ನೀಲಿಸೊಪ್ಪಿನ ಪುಡಿ, ಅಂದರೆ ಇಂಡಿಗೊ ಗಿಡದ ಎಲೆಯದು. ಕೆಂಪಿನ ಮೇಲೆ ನೀಲಿ ಕೂತರೆ ಕಪ್ಪು. ಕೇಳಿ ಗೊತ್ತಿತ್ತು, ಮಾಡಿರಲಿಲ್ಲ. ನೀಲಿಯ ಗುಣ ಚೆನ್ನಾಗಿ ಬಲ್ಲವರು ಒಬ್ಬರೇ ಇದ್ದರು. ಅವರಿಗೆ ಫೋನ್ ಮಾಡುವ ಮುಖ ನನಗಿರಲಿಲ್ಲ.

ಸಲೂನಿಗೆ ಸೇರುವ ಮುಂಚೆ ನಾನು ಬಳ್ಳಾರಿಯ ಒಂದು ಜೀನ್ಸ್ ತೊಳೆಯುವ ಘಟಕದಲ್ಲಿದ್ದೆ. ಮಾಸಿದ ಪ್ಯಾಂಟುಗಳಿಗೆ ಮತ್ತೆ ನೀಲಿ ಹಿಡಿಸುವ ತೊಟ್ಟಿಗೆ ಒಬ್ಬ ಉಸ್ತಾದರಿದ್ದರು. ಅವರ ಉಗುರು ನೀಲಿ, ಮಾತು ನಿಧಾನ. ಪ್ರತಿ ವಾಕ್ಯದ ನಡುವೆ ಒಂದು ಸಣ್ಣ ಕೆಮ್ಮು. ತೊಟ್ಟಿಯಿಂದ ತೆಗೆದ ಬಟ್ಟೆ ಹಳದಿ ಹಸಿರಾಗಿರುತ್ತದೆ, ಗಾಳಿ ತಾಗಿದ ಮೇಲೆಯೇ ನೀಲಿ. ನಾವು ಆತುರಪಟ್ಟರೆ ಅವರದು ಒಂದೇ ಮಾತು: "ಗಾಳಿ... ಹ್ಹುಂ... ಕುಡೀಲಿ ಬಿಡಲೇ." ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಡ್ರಮ್ಮಿನ ಮೇಲೆ ಹತ್ತಿ ನಿಂತು, ಆ ಕೆಮ್ಮಿನ ಸಮೇತ ಅವರನ್ನು ಆಡಿ ತೋರಿಸುತ್ತಿದ್ದೆ. ಎಲ್ಲರ ನಗು ಒಮ್ಮೆಲೇ ನಿಂತಿತು. ಉಸ್ತಾದರು ನನ್ನ ಹಿಂದೆಯೇ ಊಟದ ಡಬ್ಬಿ ಹಿಡಿದು ನಿಂತಿದ್ದರು. ಡಬ್ಬಿ ಬಿಚ್ಚದೆಯೇ ತೊಟ್ಟಿಯ ಕಡೆ ಹೋದರು. ಮರುದಿನದಿಂದ ನಾನೇ ಹೋಗಲಿಲ್ಲ. ಅದಾಗಿ ಎರಡು ವರ್ಷ.

ಅಕ್ಕನ ಮನೆಯ ಹಿತ್ತಲಿಗೆ ಹೋಗಿ ಫೋನ್ ಹಚ್ಚಿದೆ.

"ಉಸ್ತಾದ್, ನಾನ್ರಿ..." ಹೆಸರು ಹೇಳುವ ಮೊದಲೇ ಅವರು, "ಹೂಂ, ಹೇಳು," ಅಂದರು, ನಿನ್ನೆ ಸಂಜೆ ಬಿಟ್ಟುಹೋದವನ ಹತ್ತಿರ ಮಾತಾಡುವಂತೆ. ವಿಷಯ ಹೇಳಿದೆ. ಒಂದು ಕೆಮ್ಮು ಬಂತು.

"ಕೂದ್ಲಾ ಆದ್ರೇನು, ಅರಿವಿ ಆದ್ರೇನು. ಕೆಂಪು ಮದ್ಲು, ನೀಲಿ ಆಮ್ಯಾಲ. ಕಬ್ಬಿಣ ಮುಟ್ಟಿಸಬ್ಯಾಡ. ನೀಲಿ ಕಲಸಿದ ಮ್ಯಾಲ ಇಡಬ್ಯಾಡ, ಹಚ್ಚಿಬಿಡು. ತೊಳದ ಕೂಡ್ಲೇ ನೋಡಿ ಹೆದರಬ್ಯಾಡ. ಗಾಳಿ... ಹ್ಹುಂ... ಕುಡೀಲಿ." ಫೋನ್ ಇಟ್ಟರು. 'ತಪ್ಪಾಯ್ತು' ಎಂಬುದು ನನ್ನ ನಾಲಿಗೆಯ ತುದಿಯಲ್ಲೇ ಉಳಿಯಿತು. ಒಳಗೆ ಬಂದು ಉಸ್ತಾದರ ಮಾತನ್ನೂ, ಅವರ ದನಿ ಆಡಿ ಸಿಕ್ಕಿಬಿದ್ದ ಕಥೆಯನ್ನೂ ಅಕ್ಕನಿಗೆ ಹೇಳಿದೆ.

ಮಂಗಳವಾರ ಪರೀಕ್ಷೆಯ ದಿನ. ಬೇರು, ಸೊಪ್ಪು ಮಾರುವ ಗ್ರಂಧಿಗೆ ಅಂಗಡಿಯಿಂದ ಬರಿಯ ಗೋರಂಟಿ, ಬರಿಯ ನೀಲಿಸೊಪ್ಪಿನ ಪುಡಿ ತಂದೆ. ಅಂಗಡಿಯವರ ಮಾತೊಂದನ್ನೇ ನಂಬದೆ, ಒಂದೊಂದು ಚಿಟಿಕೆಯನ್ನು ಹೊಸದಾಗಿ ಕಲಸಿದ ಡೆವಲಪರ್, ಅಮೋನಿಯಾದ ಮದ್ದಿಗೆ ಹಾಕಿ ಬಿಸಿ ಏಳುವುದಿಲ್ಲ ಎಂದು ನೋಡಿದೆ. ಎರಡನ್ನೂ ಕಲಸಿ ಅಕ್ಕನ ಮೊಣಕೈ ಒಳಮಗ್ಗುಲಿಗೆ ಒಂದೊಂದು ಬೊಟ್ಟು ಇಟ್ಟೆ. ಅದಕ್ಕೆ ಅವಳೇ ಗಡಿಯಾರ ನೋಡಿ ಕೂತಳು. "ತುರಿಕಿ ಬಂದ್ರ ಮದುವಿ ಬಿಟ್ಟೇನು, ಹಚ್ಚಿಸಿಕೊಳ್ಳಂಗಿಲ್ಲ," ಅಂದಳು, ಥೇಟ್ ನರ್ಸಿನಂತೆ. ಬಾಚಣಿಗೆಯಲ್ಲಿ ಬಂದ ಕೂದಲನ್ನು ದಾರದಿಂದ ಕಟ್ಟಿ, ಮೊದಲು ಕೆಂಪು, ಆಮೇಲೆ ನೀಲಿ ಹಚ್ಚಿ, ತೊಳೆದು ಕಿಟಕಿಯ ಸರಳಿಗೆ ನೇತುಹಾಕಿದೆ. ಸಂಜೆ ಪಾಚಿಯಂತಿದ್ದ ಅದು ಬುಧವಾರ ಬೆಳಿಗ್ಗೆ ಕಪ್ಪಾಗಿತ್ತು. ಮೊಣಕೈಯೂ ಚೆನ್ನಾಗಿತ್ತು. ಅವ್ವ ಆ ಎಳೆಯನ್ನು ತನ್ನ ತಲೆಗೆ ಹಿಡಿದು ಕನ್ನಡಿ ನೋಡಿಕೊಂಡದ್ದನ್ನು ನಾನು ಕಂಡೂ ಕಾಣದಂತೆ ಇದ್ದೆ.

ಬುಧವಾರ ಬಾಣಲಿಯ ಜಗಳದಿಂದ ಶುರುವಾಯಿತು. ಗೋರಂಟಿ ಅಂದರೆ ಕಬ್ಬಿಣದ ಬಾಣಲಿಯಲ್ಲೇ ನೆನೆಯಬೇಕು, ಅದು ಅವ್ವನ ಅವ್ವನ ಕಾಲದಿಂದ ಬಂದದ್ದು. "ಕಬ್ಬಿಣ ಬ್ಯಾಡ್ರಿ, ಈಗಾಗಲೇ ತಲ್ಯಾಗ ಬೇಕಾದಷ್ಟು ಲೋಹ ಐತಿ," ಅಂದೆ. "ನಿನ್ನ ತಲ್ಯಾಗ ಏನೈತಿ?" ಅಂದಳು. ಕೊನೆಗೆ ಪ್ಲಾಸ್ಟಿಕ್ ಬೋಗುಣಿ ಗೆದ್ದಿತು. ಬೋರಿನ ನೀರು ಗಡಸು ಎಂದು ಫಿಲ್ಟರ್ ನೀರಿನ ಕ್ಯಾನು ತರಿಸಿದೆ. ಆಟೊದ ಅಣ್ಣ ಒಂದು ಕೇಳಿದರೆ ಮೂರು ತಂದ. ಪಾಪ, ಅವನಿಗೆ ಏನಾದರೂ ಮಾಡುತ್ತಲೇ ಇರಬೇಕಿತ್ತು.

ನೆನೆಸಿಟ್ಟ ಗೋರಂಟಿಯನ್ನು ಕೂದಲು ಭಾಗ ಮಾಡಿ, ಹಿಂದಿನಿಂದ ಮುಂದಕ್ಕೆ, ಬುಡದಿಂದ ತುದಿಗೆ ಹಚ್ಚಿದೆ. ಮೂರು ತಾಸು ಬಿಟ್ಟು ಬರಿ ನೀರಿನಲ್ಲಿ ತೊಳೆದೆ. ತಲೆಯೆಲ್ಲ ಇಟ್ಟಿಗೆಯ ಬಣ್ಣ. ಹಸಿರು ಅಡಗಿತ್ತು. ನೀಲಿಸೊಪ್ಪನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪಸ್ವಲ್ಪವೇ ಕಲಸಿ, ಕಲಸಿದಷ್ಟನ್ನೂ ಆಗಿಂದಾಗ ಹಚ್ಚಿದೆ. ಮೂಗು ಮುಚ್ಚಿಕೊಂಡು ಅವ್ವ, "ಬಟಾಣಿ ಕೊಳತಂಗ ಐತಿ," ಅಂದಳು. ಎರಡು ತಾಸಿನ ಮೇಲೆ ತೊಳೆದಾಗ, ಕೂದಲು ಮತ್ತೆ ಹಸಿರು.

ಉಸ್ತಾದರು ಹೆದರಬೇಡ ಅಂದಿದ್ದರು. ಹೆದರಲಿಲ್ಲ. ಸಂಜೆಯಾಯಿತು. ಇನ್ನೂ ಹಸಿರು. ಕಿಟಕಿಯ ಎಳೆ ತೊಳೆದ ಇಷ್ಟೇ ತಾಸಿಗೆ ಕಪ್ಪಿಗೆ ತಿರುಗತೊಡಗಿತ್ತು, ಇದು ಕದಲಲಿಲ್ಲ. ಆಗ ಹೆದರಿದೆ. ಅವ್ವ ಜಗಲಿಯಲ್ಲಿ ಕೂತು ಸೆರಗು ಬಾಯಿಗಿಟ್ಟುಕೊಂಡಳು. "ನಾಳಿ ಅರಿಷಿಣಕ್ಕ ಎಲ್ಲಾರೂ ಬರ್ತಾರ. ಏನಂತ ತೋರಿಸ್ಲಿ?" ಅಣ್ಣ ನನ್ನ ಚೀಲದ ಕಡೆ ನೋಡಿದ. ಡಬ್ಬಿಗಳು ಅಲ್ಲೇ ಇದ್ದವು. ನಾನೂ ನೋಡಿದೆ, ಸುಳ್ಳೇಕೆ.

"ಅಕ್ಕಾರ, ಹೊತ್ತು ಹಿಡಿತೈತಿ," ಅಂದೆ. ಅವಳು ನನ್ನ ಕಡೆ ತಿರುಗಿ, "ನಿಮ್ಮ ಉಸ್ತಾದ್ರು ಏನಂದಿದ್ರು, ಅವರು ಹೇಳಿದಂಗ ಒಮ್ಮೆ ಹೇಳು," ಅಂದಳು.

ಇನ್ನೆಂದೂ ತೆಗೆಯಬಾರದು ಅಂದುಕೊಂಡಿದ್ದ ದನಿ ಅದು. ಆದರೂ ತೆಗೆದೆ, ನಗಿಸಲು ಅಲ್ಲ. "ಗಾಳಿ... ಹ್ಹುಂ... ಕುಡೀಲಿ ಬಿಡಲೇ."

ಹೇಳುತ್ತಿದ್ದಂತೆ ನನ್ನ ಕಿವಿಗೇ ಅದು ಬಿತ್ತು. ಗಾಳಿ! ಅಕ್ಕನ ತಲೆ ನೋಡಿದೆ. ಮಧ್ಯಾಹ್ನ ತೊಳೆದದ್ದೇ ತಡ, ಅಕ್ಕಪಕ್ಕದವರು ಕಂಡಾರು ಎಂದು ಅವ್ವ ಒದ್ದೆ ಕೂದಲಿಗೆ ದಪ್ಪ ಟವೆಲ್ ಬಿಗಿದು, ಮೇಲೊಂದು ಸೆರಗು ಹೊದಿಸಿಬಿಟ್ಟಿದ್ದಳು. ನಾವು ಆಗಾಗ ಇಣುಕಿ ನೋಡಿ ಮತ್ತೆ ಮುಚ್ಚುತ್ತಿದ್ದೆವು. ಕಿಟಕಿಯ ಎಳೆಗೆ ಸಿಕ್ಕದ್ದು ಈ ತಲೆಗೆ ಸಿಕ್ಕಿರಲೇ ಇಲ್ಲ. ಮರ್ಯಾದೆ ಮುಚ್ಚಲು ಹೋಗಿ ಬಣ್ಣದ ಉಸಿರು ಕಟ್ಟಿಸಿದ್ದೆವು.

"ಬಿಚ್ಚರಿ ಅದನ್ನ!" ಅಂತ ಕೂಗಿದೆ. ಅಕ್ಕ ತಾನೇ ಟವೆಲ್ ಕಿತ್ತು ಎಸೆದು ಮಾಳಿಗೆ ಹತ್ತಿದಳು.

ಗುರುವಾರ ಬೆಳಿಗ್ಗೆ ಅರಿಷಿಣಕ್ಕೆ ಬಂದ ಹೆಂಗಸರಿಗೆ ಮದುಮಗಳು ಮಾಳಿಗೆಯ ಮೇಲೆ, ಬಿಸಿಲಿಗೆ ಬೆನ್ನು ಮಾಡಿ, ಕೂದಲು ಹರಡಿ ಕೂತಿದ್ದು ಕಂಡಿತು. ಅವರ ಕೈಯಲ್ಲಿ ಅರಿಷಿಣ ಎಣ್ಣೆಯ ಬಟ್ಟಲು. ತಲೆಗೆ ಎಣ್ಣೆ ಇಟ್ಟು, ಸೀಗೆಪುಡಿ ಹಾಕಿ ತಿಕ್ಕಿ ನೀರು ಹಾಕುವುದು ಪದ್ಧತಿ. ನೀಲಿ ಇನ್ನೂ ಗಟ್ಟಿಯಾಗಿರಲಿಲ್ಲ. ತಿಕ್ಕಿದರೆ ನಮ್ಮ ನಾಲ್ಕು ದಿನ ಮೋರಿಗೆ. ನಾನು ಅಡ್ಡ ನಿಂತು, ಹಲ್ಲಿಲ್ಲದ ಹಿರಿ ಮುತ್ತಜ್ಜಿಯ ದನಿಯಲ್ಲಿ ಅಂದೆ: "ಏ ಹುಡುಗ್ಯಾರ್ಯಾ, ಮಾರಿಗೆ ಹಚ್ಚರಿ, ಕೈಗೆ ಹಚ್ಚರಿ, ಕಾಲಿಗೆ ಹಚ್ಚರಿ. ತಲಿ ಮುಟ್ಟಿದ್ರ ನಿಮ್ಮ ನಿಮ್ಮ ಸೊಸ್ತ್ಯಾರು ನಿಮಗ ಚಹಾ ಮಾಡಿ ಕೊಡಂಗಿಲ್ಲ ನೋಡ್ರಿ!" ನಗೆಯಲ್ಲಿ ಪದ್ಧತಿ ಸ್ವಲ್ಪ ಸರಿದು ದಾರಿ ಕೊಟ್ಟಿತು. ಬಾಯಿ ಕೆಡಿಸಿದ್ದನ್ನು ಅಷ್ಟರಮಟ್ಟಿಗೆ ಬಾಯಿಯೇ ಕಾಯ್ದುಕೊಂಡಿತು.

ಹನ್ನೊಂದರ ಬಿಸಿಲಿಗೆ ಅವ್ವ ಮೇಲೆ ಬಂದಳು. ಮಗಳ ಕೂದಲನ್ನು ಕೈಯಲ್ಲಿ ಎತ್ತಿ ಹಿಡಿದಳು, ತಿರುಗಿಸಿದಳು, ಇಳಿಬಿಟ್ಟಳು. ಕೆಳಗೆ ಹೋಗಿ ನನಗೊಂದು ತಟ್ಟೆ ತುಂಬ ಒಗ್ಗರಣಿ ಮಂಡಾಳು, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ತಂದು ಕೊಟ್ಟಳು. ಅದನ್ನು ನೋಡಿಯೇ ಬಣ್ಣ ಕೂತಿದೆ ಎಂದು ನನಗೆ ತಿಳಿಯಿತು. ಆಮೇಲೆ ತಲೆಯ ಕಡೆ ನೋಡಿದೆ. ಡಬ್ಬಿಯ ಕಪ್ಪಲ್ಲ ಅದು. ಬಿಸಿಲಿಗೆ ಹಿಡಿದರೆ ಒಳಗೆಲ್ಲೋ ಸಣ್ಣಗೆ ಕೆಂಪು ಮಿನುಗುವ ಕಪ್ಪು.

ಶುಕ್ರವಾರ ಕುರುಗೋಡಿನಲ್ಲಿ ಮದುವೆ. ವರನ ತಲೆ ನಿಜಕ್ಕೂ ನುಣ್ಣಗಿತ್ತು. ಅದರ ಮೇಲೆ ನಾನು ಒಂದೂ ಮಾತು ಆಡಲಿಲ್ಲ. ನನ್ನ ಆ ಐದು ದಿನದ ಅತಿ ಕಷ್ಟದ ಕೆಲಸ ಅದೇ. ಅಕ್ಕ ಸೊಂಟದವರೆಗೆ ಜಡೆ ಬಿಟ್ಟು, ಅದರ ಮೇಲೆ ಒಂದೇ ಒಂದು ಎಳೆ ಮಲ್ಲಿಗೆ ಇಳಿಬಿಟ್ಟಿದ್ದಳು. ಮುಚ್ಚುವುದಕ್ಕೆ ಏನೂ ಇರಲಿಲ್ಲ.

ಮಂಟಪ ಹತ್ತಿ ಅಕ್ಕಿಕಾಳು, ಅಂದರೆ ಅಕ್ಷತೆ, ಹಾಕಲು ಹೋದಾಗ ಹಿಂದಿದ್ದವರು ಬೇಗ ಇಳಿ ಎಂದು ನನ್ನನ್ನು ನೂಕುತ್ತಿದ್ದರು. ಅಕ್ಕ ಅವರ ಕಡೆ ಕೈ ಎತ್ತಿ, ಕಣ್ಣು ಅರ್ಧ ಮುಚ್ಚಿ, ಮಾತು ಎಳೆದು ಅಂದಳು: "ಆತುರ ಯಾಕ? ಗಾಳಿ... ಹ್ಹುಂ... ಕುಡೀಲಿ ಬಿಡಲೇ."

ಕೆಮ್ಮು ಸರಿಯಾದ ಜಾಗಕ್ಕೆ ಬಿದ್ದಿತ್ತು. ಆಟೊದ ಅಣ್ಣ ಬಿದ್ದು ಬಿದ್ದು ನಕ್ಕ. ನಾನು ನಗುವ ಬದಲು ಪಕ್ಕಕ್ಕೆ ಸರಿದು ಉಸ್ತಾದರಿಗೆ ಫೋನ್ ಹಚ್ಚಿದೆ. ಬಣ್ಣ ಕೂತಿತು ಅಂದೆ. ಎರಡು ವರ್ಷದ ಹಿಂದಿನ ಆ ಮಧ್ಯಾಹ್ನದ ತಪ್ಪಾಯ್ತು ಅಂದೆ, ನನ್ನದೇ ದನಿಯಲ್ಲಿ. "ಉಸ್ತಾದ್, ಒಂದು ನಿಮಿಷ ಕೇಳ್ರಿ," ಎಂದು ಫೋನನ್ನು ಮದುಮಗಳ ಬಾಯಿಯ ಹತ್ತಿರ ಹಿಡಿದು ಸನ್ನೆ ಮಾಡಿದೆ. ಅವಳು ಮತ್ತೊಮ್ಮೆ ಹೇಳಿದಳು, ಕೆಮ್ಮಿನ ಸಮೇತ.

ಫೋನು ಕಿವಿಗಿಟ್ಟುಕೊಂಡಾಗ ಆ ಕಡೆಯಿಂದ ಬಂದದ್ದು ಕೆಮ್ಮೋ ನಗುವೋ ತಿಳಿಯಲಿಲ್ಲ. ಬಹಳ ಹೊತ್ತು ಬಂತು. ಆಮೇಲೆ ಅವರು ಅಂದರು:

"ಯಾರ್ಲೇ ಆಕಿ? ನಿನಕಿಂತ ಚೊಲೋ ಮಾಡ್ತಾಳ."